ಇಪ್ಪತ್ತು ವಾರ ಕಾಯುವಾಗ ಸಿಕ್ಕ ರಾಣಿ

2023ರ ಜೂನ್ ಮೊದಲ ವಾರ. ಇಂಗ್ಲೆಂಡಿನ ಬೆಡ್‌ಫರ್ಡ್ ಊರಿನ ನಮ್ಮ ಬಾಡಿಗೆ ಮನೆಯ ಅಡುಗೆಮನೆಯಲ್ಲಿ ಕೂತು ಡೈವೋರ್ಸ್ ಅರ್ಜಿ ತುಂಬುತ್ತಿದ್ದೆ. ಒಂಬತ್ತು ವರ್ಷದ ಮಗಳು ಶಾಲೆಯಿಂದ ಬಂದವಳೇ ಬ್ಯಾಗು ಎಸೆದು ಒಂದು ಪದ್ಯ ಶುರು ಮಾಡಿದಳು. ಇಲ್ಲಿನ ಮಕ್ಕಳಿಗೆಲ್ಲ ಬಾಯಿಪಾಠ ಇರುವ ಪದ್ಯ ಅದು. ಹಿಂದೆ ಇಲ್ಲಿ ರಾಜನಾಗಿದ್ದ ಎಂಟನೇ ಹೆನ್ರಿಯ ಆರು ಹೆಂಡತಿಯರಿಗೆ ಏನೇನಾಯಿತು ಅಂತ ಆರೇ ಪದಗಳಲ್ಲಿ ಹೇಳಿ ಮುಗಿಸುತ್ತದೆ. ಮೊದಲನೇ ಪದ 'ಡೈವೋರ್ಸ್ಡ್'. ನಾನು ಲ್ಯಾಪ್‌ಟಾಪ್ ಮುಚ್ಚಿದೆ.

ಅವಳಿಗೆ ನಮ್ಮ ವಿಷಯ ಗೊತ್ತಿತ್ತು. ನಾವಿಬ್ಬರೂ ಕೂರಿಸಿಕೊಂಡು ಹೇಳಿದ್ದೆವು. ಅವಳ ತಲೆಯಲ್ಲಿ ಓಡುತ್ತಿದ್ದದ್ದೇ ಬೇರೆ.

"ಅಮ್ಮಾ, ಹೆನ್ರಿನೂ ನಿಮ್ಮ ಥರ 20 ವಾರ ಕಾದ್ನಾ?"

ಗೊತ್ತಿಲ್ಲ ಅಂದೆ. ಆ ರಾತ್ರಿ ಹುಡುಕಿದೆ. ಆರು ವರ್ಷ, ಆರು ದಿನ. 1527ರ ಮೇ 17ರಂದು ವೆಸ್ಟ್‌ಮಿನ್‌ಸ್ಟರಿನಲ್ಲಿ ಗುಟ್ಟಾಗಿ ಮೊದಲ ವಿಚಾರಣೆ ಶುರುವಾಯಿತು. ತೀರ್ಪು ಬಂದದ್ದು 1533ರ ಮೇ 23ಕ್ಕೆ. ಆ ತೀರ್ಪು ಕೊಟ್ಟ ಊರು ಡನ್‌ಸ್ಟಬಲ್, ನಮ್ಮ ಮನೆಯಿಂದ ಒಂದು ಗಂಟೆ ದೂರ. ಅವನ ಮೊದಲ ಹೆಂಡತಿ, ರಾಣಿ ಕ್ಯಾಥರೀನ್ ಆಗ ಇದ್ದದ್ದು ಆಂಪ್ಟ್‌ಹಿಲ್‌ನಲ್ಲಿ. ಅಲ್ಲಿಗೆ ನಮ್ಮ ಬೀದಿ ಕೊನೆಯಿಂದ ಬಸ್ಸಿದೆ! ಹತ್ತು ವರ್ಷದಿಂದ ಇಲ್ಲಿದ್ದೇನೆ, ಒಂದೂ ಗೊತ್ತಿರಲಿಲ್ಲ.

ಅರ್ಜಿ ಅಂದರೆ ದೊಡ್ಡ ಕಡತ ಅಂದುಕೊಂಡಿದ್ದೆ. ಹಾಗೇನಿಲ್ಲ. 2022ರ ಏಪ್ರಿಲ್ 6ರಿಂದ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಕಾನೂನು ಬದಲಾಗಿದೆ. ತಪ್ಪು ಯಾರದು ಅಂತ ಕೇಳುವುದಿಲ್ಲ. ಮದುವೆ ಇನ್ನು ಸರಿಹೋಗದಷ್ಟು ಮುರಿದಿದೆ ಅಂತ ಒಂದು ಟಿಕ್ ಹಾಕಿದರೆ ಆಯಿತು. ಗಂಡ ಹೆಂಡತಿ ಸೇರಿ ಒಂದೇ ಅರ್ಜಿ ಹಾಕಬಹುದು. ನಾವು ಹಾಗೇ ಮಾಡಿದೆವು. ಆಗ ಶುಲ್ಕ 593 ಪೌಂಡ್ ಇತ್ತು. ಅರ್ಜಿ ದಾಖಲಾದ ಮೇಲೆ 20 ವಾರ ಕಾಯಬೇಕು. ಆಮೇಲೆ ಷರತ್ತಿನ ಆದೇಶ. ಅದಾಗಿ ಆರು ವಾರ ಒಂದು ದಿನ ಕಳೆದರೆ ಅಂತಿಮ ಆದೇಶ ಕೇಳಬಹುದು.

ಆ ಟಿಕ್ ಹಾಕುವ ಮುಂಚೆ ತುಂಬಾ ಹೊತ್ತು ಕೂತಿದ್ದೆ. ಹನ್ನೆರಡು ವರ್ಷಕ್ಕೆ ಅಷ್ಟು ಸಣ್ಣ ಚೌಕ. ಯಾರಾದರೂ ಯಾಕೆ ಅಂತ ಕೇಳಬಾರದಾ ಅನ್ನಿಸಿತು. ಕೇಳಿದ್ದರೆ ಏನು ಹೇಳುತ್ತಿದ್ದೆನೋ ಗೊತ್ತಿಲ್ಲ.

ಮದುವೆ ಸರ್ಟಿಫಿಕೇಟು ಕನ್ನಡದಲ್ಲಿತ್ತು. ಪ್ರಮಾಣೀಕರಿಸಿದ ಅನುವಾದ ಬೇಕಿತ್ತು. ಅನುವಾದ ಮಾಡುವವರು ಫೋನ್ ಮಾಡಿ "ಮೇಡಂ, ಸ್ಥಳ ಅನ್ನೋ ಕಡೆ ಛತ್ರ ಅಂತಿದೆ, ಅದಕ್ಕೇನು ಹಾಕಲಿ?" ಅಂದರು. ಇಬ್ಬರೂ ಯೋಚಿಸಿ ಯೋಚಿಸಿ ಕೊನೆಗೆ 'ಛತ್ರ' ಅಂತಲೇ ಇಂಗ್ಲಿಷ್ ಅಕ್ಷರದಲ್ಲಿ ಬಿಟ್ಟೆವು. ಕಾಗದದಲ್ಲಿ ಒಂದು ಪದ ಎಷ್ಟು ಆಟ ಆಡಿಸುತ್ತದೆ ಅನ್ನುವುದು ಹೆನ್ರಿಯ ಕಥೆ ಓದಿದ ಮೇಲೆ ಇನ್ನೂ ಚೆನ್ನಾಗಿ ಗೊತ್ತಾಯಿತು.

ಆ ಕಥೆ ನಮ್ಮ ನೆಂಟಸ್ತಿಕೆಯ ಪದಗಳಲ್ಲಿ ಹೇಳಿದರೆ ಬೇಗ ಅರ್ಥವಾಗುತ್ತದೆ. ಸ್ಪೇನಿನ ರಾಜಕುಮಾರಿ ಕ್ಯಾಥರೀನ್ ಮೊದಲು ಮದುವೆಯಾದದ್ದು ಹೆನ್ರಿಯ ಅಣ್ಣ ಆರ್ಥರ್‌ನನ್ನು, 1501ರ ನವೆಂಬರಿನಲ್ಲಿ. ಐದು ತಿಂಗಳೂ ತುಂಬಿರಲಿಲ್ಲ, ಆರ್ಥರ್ ತೀರಿಕೊಂಡ. ಅವನಿಗೆ ಆಗ ಹದಿನೈದು ವರ್ಷ. ಹೆನ್ರಿ ಅವಳಿಗೆ ಮೈದುನ, ಅವಳು ಅವನಿಗೆ ಅತ್ತಿಗೆ. ಪೋಪ್ ಎರಡನೇ ಜೂಲಿಯಸ್ ಹತ್ತಿರ ವಿಶೇಷ ಅನುಮತಿ ತಗೊಂಡು 1509ರ ಜೂನ್ 11ರಂದು ಗ್ರೀನಿಚ್‌ನಲ್ಲಿ ಹೆನ್ರಿ ಅತ್ತಿಗೆಯನ್ನು ಮದುವೆಯಾದ. ಬಸಿರುಗಳು ಒಂದರ ಹಿಂದೆ ಒಂದು. 1511ರ ಹೊಸವರ್ಷದ ದಿನ ಗಂಡು ಮಗು ಹುಟ್ಟಿತು, 52 ದಿನಕ್ಕೆ ಹೋಯಿತು. ಉಳಿದದ್ದು 1516ರಲ್ಲಿ ಹುಟ್ಟಿದ ಮೇರಿ ಒಬ್ಬಳೇ.

ಹದಿನೆಂಟು ವರ್ಷ ಸಂಸಾರ ಮಾಡಿದ ಮೇಲೆ ಹೆನ್ರಿಗೆ ಬೈಬಲ್ ನೆನಪಾಯಿತು. ಅಣ್ಣತಮ್ಮಂದಿರ ಹೆಂಡತಿಯನ್ನು ಮದುವೆಯಾದವನಿಗೆ ಸಂತಾನವಿಲ್ಲ ಅಂತ ಯಾಜಕಕಾಂಡದಲ್ಲಿದೆ. ಅದೇ ಬೈಬಲ್ಲಿನ ಧರ್ಮೋಪದೇಶಕಾಂಡದಲ್ಲಿ, ಮಕ್ಕಳಿಲ್ಲದೆ ಸತ್ತವನ ಹೆಂಡತಿಯನ್ನು ಮೈದುನ ಮದುವೆಯಾಗಬೇಕು ಅಂತಲೂ ಇದೆ. ಅವನು ಮೊದಲನೆಯದನ್ನು ಹಿಡಿದುಕೊಂಡ. ಆ ಹೊತ್ತಿಗೆ ಆಸ್ಥಾನದ ಆನ್ ಬೊಲಿನ್ ಅನ್ನುವವಳ ಮೇಲೆ ಮನಸ್ಸಾಗಿತ್ತು ಅನ್ನುವುದನ್ನೂ ಹೇಳಬೇಕಲ್ವಾ?

ನನ್ನನ್ನು ತಡೆದು ನಿಲ್ಲಿಸಿದ್ದು ಇನ್ನೊಂದು ವಿಷಯ. ಹೆನ್ರಿ ಡೈವೋರ್ಸ್ ಕೇಳಲೇ ಇಲ್ಲ. ಮದುವೆಯಾಗಿ ಈಗ ಬೇರೆಯಾಗುತ್ತೇವೆ ಅನ್ನುವ ದಾರಿ ಅವರ ಚರ್ಚಿನಲ್ಲಿ ಇರಲಿಲ್ಲ. ಈ ಮದುವೆ ಯಾವತ್ತೂ ಆಗೇ ಇರಲಿಲ್ಲ ಅಂತ ಬರೆದುಕೊಡಿ ಅಂತ ಅವನು ಕೇಳಿದ. ಮಕ್ಕಳ ಪದ್ಯದ ಮೊದಲ ಪದವೇ ತಪ್ಪು.

ಇದನ್ನು ಓದಿದ ವಾರವೇ ಅಮ್ಮ ಊರಿಂದ ಫೋನ್ ಮಾಡಿದ್ದಳು. ಅತ್ತಳು. ಆಮೇಲೆ ಸಮಾಧಾನ ಮಾಡಿದಳು. "ಕೆಟ್ಟ ಕನಸು ಅಂದ್ಕೊಂಡು ಮರೆತುಬಿಡು ಮಗಾ. ಮದುವೆನೇ ಆಗಿಲ್ಲ ಅಂದ್ಕೋ" ಅಂದಳು. ಪ್ರೀತಿಯಿಂದಲೇ ಹೇಳಿದ್ದು.

"ಹಾಗಂದ್ಕೊಂಡ್ರೆ ಪುಟ್ಟಿ ಎಲ್ಲಿಂದ ಬಂದ್ಲು ಅಮ್ಮಾ?"

ಅಮ್ಮ ಮಾತಾಡಲಿಲ್ಲ. ಹೆನ್ರಿಗೆ ಯಾರೂ ಈ ಪ್ರಶ್ನೆ ಕೇಳಿರಲಿಲ್ಲ ಅಂತೇನಲ್ಲ. ಮದುವೆ ಆಗೇ ಇರಲಿಲ್ಲ ಅಂದರೆ ಮೇರಿ ಅಕ್ರಮ ಸಂತಾನ ಆಗುತ್ತಾಳೆ. ಕ್ಯಾಥರೀನ್ ಆರು ವರ್ಷ ಜಗ್ಗದೆ ನಿಂತದ್ದಕ್ಕೆ ಅರ್ಧ ಕಾರಣ ಇದೇ ಇರಬೇಕು ಅಂತ ನನ್ನ ಲೆಕ್ಕ.

ಜೂನ್ ಕೊನೆಯ ಶನಿವಾರ ಮಗಳನ್ನು ಕರೆದುಕೊಂಡು ಲಂಡನ್ನಿಗೆ ಹೋದೆ. ಬೆಡ್‌ಫರ್ಡಿನಿಂದ ಬ್ಲ್ಯಾಕ್‌ಫ್ರೈಯರ್ಸ್‌ಗೆ ನೇರ ರೈಲು. ಸ್ಟೇಷನ್ನಿನ ಪ್ಲಾಟ್‌ಫಾರಂ ಥೇಮ್ಸ್ ನದಿಯ ಮೇಲೇ ಚಾಚಿಕೊಂಡಿದೆ. ಕಪ್ಪು ಮೇಲಂಗಿಯ ಸನ್ಯಾಸಿಗಳ ಮಠ ಇದ್ದ ಜಾಗ ಇದು. ಮಠ ಈಗಿಲ್ಲ. ಹೆಸರಿದೆ, ಬಾಗಿಲ ಮೇಲೆ ದಪ್ಪ ಹೊಟ್ಟೆಯ ಸನ್ಯಾಸಿ ಬೊಂಬೆ ಇಟ್ಟ ಒಂದು ಪಬ್ ಇದೆ. ಎದುರಿಗೆ ನಿಂತು ಸ್ಯಾಂಡ್‌ವಿಚ್ ತಿಂದೆವು.

1529ರ ಮೇ 31ರಂದು ಇಲ್ಲಿ ಕೋರ್ಟು ಕೂತಿತು. ನ್ಯಾಯಾಧೀಶರು ಇಬ್ಬರು ಕಾರ್ಡಿನಲ್‌ಗಳು. ಒಬ್ಬ ಹೆನ್ರಿಯ ಮಂತ್ರಿ ವೂಲ್ಸಿ. ಇನ್ನೊಬ್ಬ ಪೋಪ್ ಕಳಿಸಿದ ಇಟಲಿಯ ಕಂಪೆಜ್ಜೊ. ಅವನಿಗೆ ಕೀಲುನೋವು, ಕಾಲು ಊರುವ ಹಾಗಿರಲಿಲ್ಲ, ಲಂಡನ್ ಮುಟ್ಟಲು ತಿಂಗಳುಗಟ್ಟಲೆ ತಗೊಂಡಿದ್ದ. ಪಾದ್ರಿಯಾಗುವ ಮುಂಚೆ ಅವನಿಗೂ ಹೆಂಡತಿ, ಐದು ಮಕ್ಕಳು ಇದ್ದರು. ಸಂಸಾರ ಗೊತ್ತಿದ್ದವನು. ರಾಣಿಗೆ ಅವನು ಕೊಟ್ಟ ಸಲಹೆ, ತಾವಾಗಿ ಸನ್ಯಾಸಿನಿಯರ ಮಠ ಸೇರಿಬಿಡಿ, ಎಲ್ಲ ಸುಲಭವಾಗುತ್ತದೆ ಅಂತ. ಅವಳು ಒಪ್ಪಲಿಲ್ಲ. ಅತ್ತ ಹೆನ್ರಿಯೂ ಅಷ್ಟೇ. ಸ್ವರ್ಗದಿಂದ ದೇವದೂತ ಇಳಿದು ಬಂದರೂ ಇವನ ಮನಸ್ಸು ತಿರುಗಿಸೋಕೆ ಆಗಲ್ಲ ಅಂತ ಕಂಪೆಜ್ಜೊ ಕಾಗದ ಬರೆದ.

ಜೂನ್ 21ರಂದು ರಾಜ ರಾಣಿ ಇಬ್ಬರನ್ನೂ ಹೆಸರು ಹಿಡಿದು ಕರೆದರು. ಕ್ಯಾಥರೀನ್ ನ್ಯಾಯಾಧೀಶರ ಕಡೆ ತಿರುಗಿಯೂ ನೋಡಲಿಲ್ಲ. ಜನರ ನಡುವೆ ದಾರಿ ಮಾಡಿಕೊಂಡು ಗಂಡನ ಹತ್ತಿರ ಹೋಗಿ ಮಂಡಿಯೂರಿದಳು. ಅವನು ಎಬ್ಬಿಸಿದ. ಮತ್ತೆ ಮಂಡಿಯೂರಿದಳು. ಇಪ್ಪತ್ತು ವರ್ಷ ನಿಮ್ಮ ಹೆಂಡತಿಯಾಗಿದ್ದೇನೆ, ನಿಮ್ಮ ಕೈ ಹಿಡಿದಾಗ ನನ್ನನ್ನು ಯಾವ ಗಂಡಸೂ ಮುಟ್ಟಿರಲಿಲ್ಲ, ಅದು ನಿಜವೋ ಸುಳ್ಳೋ ನಿಮ್ಮ ಮನಸ್ಸಾಕ್ಷಿಗೇ ಬಿಟ್ಟೆ ಅಂದಳು. ಎದ್ದಳು, ಬಾಗಿಲ ಕಡೆ ನಡೆದಳು. ಕೋರ್ಟಿನ ಕೂಗುವವ ಮೂರು ಸಲ ಕೂಗಿದ. ಇದು ನನಗೆ ನ್ಯಾಯ ಕೊಡುವ ಕೋರ್ಟಲ್ಲ, ನಿಲ್ಲುವುದಿಲ್ಲ ಅಂತ ಹೊರಟೇಹೋದಳು.

ಇಡೀ ಕೇಸು ನಿಂತದ್ದು ಆ 'ಮುಟ್ಟಿರಲಿಲ್ಲ' ಅನ್ನುವುದರ ಮೇಲೆ. ನಮ್ಮ ಕಡೆ ವಧುವರರ ಜಾಹೀರಾತಿನಲ್ಲಿ 'ಇನ್ನೋಸೆಂಟ್ ಡೈವೋರ್ಸಿ' ಅಂತ ಹಾಕುತ್ತಾರಲ್ಲ, ಅದೇ ಸಂಗತಿ. ಓದಿದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು. ಉಳಿದವರೆಲ್ಲ ಅಪರಾಧಿಗಳಾ? ರಾಣಿಯನ್ನೂ ಅದೇ ತಕ್ಕಡಿಯಲ್ಲಿ ಕೂರಿಸಿದ್ದರು. ಆರ್ಥರ್ ಮೊದಲ ರಾತ್ರಿಯ ಬೆಳಗ್ಗೆ ಬಂದು ಏನು ಜಂಭ ಕೊಚ್ಚಿಕೊಂಡ ಅಂತ, 28 ವರ್ಷ ಆದ ಮೇಲೆ, ಮುದುಕರಾದ ಆಸ್ಥಾನದವರು ಬಂದು ಸಾಕ್ಷಿ ಹೇಳಿದರು. ಜೂಲಿಯಸ್ ಕೊಟ್ಟ ಅನುಮತಿ ಪತ್ರದಲ್ಲಿ ಆ ಮೊದಲ ಮದುವೆಯಲ್ಲಿ ಅವರಿಬ್ಬರು 'ಬಹುಶಃ' ಕೂಡಿದ್ದರು ಅಂತಿತ್ತು. ಅಷ್ಟರಲ್ಲಿ ಸ್ಪೇನಿನಲ್ಲಿ ಇನ್ನೊಂದು ಪ್ರತಿ ಸಿಕ್ಕಿತು. ಅದರಲ್ಲಿ 'ಬಹುಶಃ' ಇರಲಿಲ್ಲ. ಪದಗಳೂ ಅಲ್ಲಲ್ಲಿ ಬೇರೆ. ಹೆನ್ರಿಯ ವಕೀಲರು ಹುಡುಕಿಟ್ಟುಕೊಂಡಿದ್ದ ಲೋಪಗಳೆಲ್ಲ ಮೊದಲ ಪತ್ರದವು. ಈಗ ಏನು ಮಾಡುವುದು? ಇದು ಖೋಟಾ ಅಂದರು. ನನ್ನ ಛತ್ರದ ಗೊಂದಲ ಎಷ್ಟೋ ವಾಸಿ.

ಜುಲೈ 23ಕ್ಕೆ ತೀರ್ಪು ಬರುತ್ತದೆ ಅಂತ ಎಲ್ಲರೂ ಕಾದಿದ್ದರು. ಕಂಪೆಜ್ಜೊ ಎದ್ದು, ರೋಮಿನ ಕೋರ್ಟಿಗೆ ಈಗ ಬೇಸಿಗೆ ರಜೆ, ಅಕ್ಟೋಬರಿನಲ್ಲಿ ನೋಡೋಣ ಅಂದ! ಆ ಕೋರ್ಟು ಮತ್ತೆ ಕೂರಲೇ ಇಲ್ಲ. ಕೇಸನ್ನು ಪೋಪ್ ರೋಮಿಗೆ ಎಳೆದುಕೊಂಡ. ಪಾಪ, ಪೋಪ್ ಕ್ಲೆಮೆಂಟ್‌ಗೂ ಉಸಿರಾಡುವ ಹಾಗಿರಲಿಲ್ಲ. 1527ರಲ್ಲಿ ಚಕ್ರವರ್ತಿ ಐದನೇ ಚಾರ್ಲ್ಸ್‌ನ ಸೈನ್ಯ ರೋಮನ್ನೇ ಕೊಳ್ಳೆ ಹೊಡೆದು ಅವನನ್ನು ಕೋಟೆಯಲ್ಲಿ ಕೂಡಿಹಾಕಿತ್ತು. ಆ ಚಾರ್ಲ್ಸ್ ಕ್ಯಾಥರೀನಳ ಅಕ್ಕನ ಮಗ. ಕೆಲಸ ಸಾಧಿಸದ ವೂಲ್ಸಿಯ ಕುರ್ಚಿ ಹೋಯಿತು, ಮುಂದಿನ ವರ್ಷ ಪ್ರಾಣವೂ ಹೋಯಿತು.

ರಜೆಯ ಕಥೆ ಹೇಳಿದಾಗ ಮಗಳು ಬಿದ್ದು ಬಿದ್ದು ನಕ್ಕಳು. "ಹೆನ್ರಿಗೂ ಸಮ್ಮರ್ ಹಾಲಿಡೇಸ್!"

ಯಾವ ಕೋರ್ಟಿಗೆ ಅಧಿಕಾರ ಅನ್ನುವ ತಲೆನೋವು ನಮಗೂ ಇತ್ತು. ಮೈಸೂರಿನಲ್ಲಿ ಪರಿಚಯದ ವಕೀಲರೊಬ್ಬರನ್ನು ಕೇಳಿದ್ದೆ. "ಅಲ್ಲಿ ಮುರಿದದ್ದನ್ನ ಇಲ್ಲಿ ಸುಮ್ನೆ ಒಪ್ಪಲ್ಲಮ್ಮ" ಅಂದರು. 1991ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆಯಂತೆ. ಹಿಂದೂ ವಿವಾಹ ಕಾಯ್ದೆಯಡಿ ಆದ ಮದುವೆಗೆ ವಿದೇಶದ ಕೋರ್ಟಿನ ಆದೇಶ ನಡೆಯಬೇಕಾದರೆ, ಆ ಕಾಯ್ದೆಯಲ್ಲಿಲ್ಲದ ಕಾರಣವಾದಾಗ, ಎದುರಿನವರು ಆ ಕೋರ್ಟನ್ನು ತಾವಾಗಿ ಒಪ್ಪಿ, ಬೇರೆಯಾಗಲೂ ಒಪ್ಪಿರಬೇಕು. ಜಂಟಿ ಅರ್ಜಿ ಹಾಕಿದ್ದು ಒಳ್ಳೆಯದಾಯಿತು ಅಂದರು. ಕ್ಯಾಥರೀನ್ ಕೊನೆವರೆಗೂ ಒಪ್ಪದೇ ಇದ್ದದ್ದು ಇದೇ ಮಾತು. ನನ್ನ ಕೇಸು ರೋಮಿನದ್ದು, ಇಲ್ಲಿ ಯಾರು ಏನು ಹೇಳಿದರೂ ಲೆಕ್ಕಕ್ಕಿಲ್ಲ ಅನ್ನುತ್ತಿದ್ದಳು.

ಹೆನ್ರಿ ಊರೂರು ವಿಶ್ವವಿದ್ಯಾಲಯಗಳ ಪಂಡಿತರ ಅಭಿಪ್ರಾಯ ತರಿಸಿದ. ಆಕ್ಸ್‌ಫರ್ಡ್, ಕೇಂಬ್ರಿಜ್, ಪ್ಯಾರಿಸ್, ಬೊಲೊನ್ಯ, ಪಾಡುವ. ವೆನಿಸ್ಸಿನಲ್ಲಿ ಯಹೂದಿ ಪಂಡಿತರನ್ನೂ ಕೇಳಿಸಿದ. 1530ರ ಜುಲೈನಲ್ಲಿ ದೊಡ್ಡ ದೊಡ್ಡವರಿಂದೆಲ್ಲ ರುಜು ಹಾಕಿಸಿ, ಎಂಬತ್ತು ಚಿಲ್ಲರೆ ಮೊಹರು ನೇತುಹಾಕಿದ ಕಾಗದವೊಂದನ್ನು ಪೋಪನಿಗೆ ಕಳಿಸಿದ. ಕೆಲಸ ಆಗಲಿಲ್ಲ.

ಈ ಗದ್ದಲ ನಡೆಯುವಾಗ ಮೂವರೂ ಒಂದೇ ಅರಮನೆಯಲ್ಲಿ ಇರುತ್ತಿದ್ದರು. ರಾಜನ ಅಂಗಿಗಳನ್ನು ಕ್ಯಾಥರೀನ್ ಆಗಲೂ ಹೊಲಿಸಿಕೊಡುತ್ತಿದ್ದಳಂತೆ. ಆನ್‌ಗೆ ಗೊತ್ತಾಗಿ ರಂಪ ಮಾಡಿದಳಂತೆ. ಇದನ್ನು ಓದಿ ಪುಸ್ತಕ ಮಗುಚಿಟ್ಟೆ. ನಾವೂ ಆಗ ಒಂದೇ ಮನೆಯಲ್ಲಿದ್ದೆವು. ಎರಡು ಬಾಡಿಗೆ ಕಟ್ಟುವ ಶಕ್ತಿ ಇರಲಿಲ್ಲ. ಮಗಳ ಅಪ್ಪ ಪಕ್ಕದ ಸಣ್ಣ ರೂಮಿನಲ್ಲಿ ಮಲಗುತ್ತಿದ್ದರು. ಬೆಳಗ್ಗೆ ಕಾಫಿ ಹಾಕುವಾಗ ನನ್ನ ಕೈ ತಾನಾಗೇ ಎರಡು ಲೋಟ ತೆಗೆಯುತ್ತಿತ್ತು. ಒಂದನ್ನು ವಾಪಸ್ ಇಡಲೋ ಬೇಡವೋ ಅಂತ ನಿಲ್ಲುತ್ತಿದ್ದೆ. ಹೆಚ್ಚಾಗಿ ಹಾಕಿಯೇ ಕೊಡುತ್ತಿದ್ದೆ. ಗೆಳತಿ ಬೈದಳು. ಅಂಗಿಯ ಕಥೆ ಗೊತ್ತಿದ್ದಿದ್ದರೆ ಹೇಳುತ್ತಿದ್ದೆ.

1531ರ ಜುಲೈನಲ್ಲಿ ಒಂದು ಬೆಳಗ್ಗೆ ಹೆನ್ರಿ ಆನ್‌ಳನ್ನು ಕರೆದುಕೊಂಡು ಬೇಟೆಗೆ ಅಂತ ವಿಂಡ್ಸರ್ ಅರಮನೆ ಬಿಟ್ಟು ಹೋದ. ಹೆಂಡತಿಗೆ ಹೋಗಿಬರುತ್ತೇನೆ ಅನ್ನಲಿಲ್ಲ. ಮತ್ತೆ ಅವಳ ಮುಖ ನೋಡಲಿಲ್ಲ. ತಾಯಿ ಮಗಳನ್ನೂ ಅದೇ ವರ್ಷ ಬೇರೆ ಮಾಡಿದ. ಕ್ಯಾಥರೀನ್ ಸಾಯುವವರೆಗೂ ಮೇರಿಯನ್ನು ನೋಡಲು ಬಿಡಲಿಲ್ಲ. ನಮ್ಮ ಮನೆಯಲ್ಲಿ ಆಗಸ್ಟ್‌ನಲ್ಲಿ ವ್ಯಾನ್ ಬಂತು. ಹೋಗುವಾಗ ಹೇಳಿಯೇ ಹೋದರು. ವಾರದಲ್ಲಿ ಮೂರು ದಿನ ಮಗಳು ಅಲ್ಲಿ ಅಂತ ಮೊದಲೇ ಮಾತಾಗಿತ್ತು. ಎರಡು ಲೀಟರಿನ ಸಣ್ಣ ಕುಕ್ಕರ್ ಕೇಳಿದರು. ಕೊಟ್ಟೆ. ಆಮೇಲೆ ಒಬ್ಬಳಿಗೆ ಅನ್ನ ಮಾಡುವಾಗಲೆಲ್ಲ ಕೊಡಬಾರದಿತ್ತು ಅನ್ನಿಸುತ್ತಿತ್ತು.

ಮುಂದಿನದ್ದು ಹೆನ್ರಿ ಓಡಿ ಓಡಿ ಮುಗಿಸಿದ. 1533ರ ಜನವರಿಯಲ್ಲಿ ಆನ್ ಬಸುರಿ. ಗುಟ್ಟಾಗಿ ಮದುವೆಯಾದ. ಮೊದಲನೆಯದು ಬಗೆಹರಿದಿರಲಿಲ್ಲ. ಅವನ ಲೆಕ್ಕದಲ್ಲಿ ಮೊದಲನೆಯದು ಅಂತ ಒಂದಿರಲೇ ಇಲ್ಲವಲ್ಲ, ನಲವತ್ತೊಂದು ವರ್ಷದ ಮದುವೆಯಾಗದ ಗಂಡು ಅವನು! ಇಂಗ್ಲೆಂಡಿನ ವ್ಯಾಜ್ಯ ಇಂಗ್ಲೆಂಡಿನಲ್ಲೇ ಮುಗಿಯಬೇಕು, ರೋಮಿಗೆ ಮೇಲ್ಮನವಿ ಇಲ್ಲ ಅಂತ ಪಾರ್ಲಿಮೆಂಟಿನಲ್ಲಿ ಕಾನೂನು ಮಾಡಿಸಿದ. ಮಾರ್ಚ್ 30ಕ್ಕೆ ತನ್ನ ಕಡೆಯ ಕ್ರ್ಯಾನ್ಮರ್ ಆರ್ಚ್‌ಬಿಷಪ್ ಆದ. ಮೇ 10ಕ್ಕೆ ಡನ್‌ಸ್ಟಬಲ್‌ನ ಮಠದಲ್ಲಿ ಅವನ ಕೋರ್ಟು ಕೂತಿತು. ರಾಣಿಗೆ ಕರೆ ಹೋಯಿತು, ಅವಳು ಬರಲಿಲ್ಲ. ಎಲ್ಲಿ ಬಂದುಬಿಡುತ್ತಾಳೋ ಅಂತ ಕ್ರ್ಯಾನ್ಮರ್‌ಗೇ ಅಳುಕು, ಸುದ್ದಿ ಹೊರಗೆ ಬಿಡಬೇಡಿ ಅಂತ ಬರೆದಿದ್ದ. ಎರಡು ವಾರದಲ್ಲಿ ತೀರ್ಪು. ಜೂನ್ 1ಕ್ಕೆ ಆನ್‌ಗೆ ಕಿರೀಟ.

ಡನ್‌ಸ್ಟಬಲ್‌ಗೆ ಹೋದ ದಿನ ಜಿಟಿಜಿಟಿ ಮಳೆ. ಮಠದ ಚರ್ಚು ಇನ್ನೂ ಇದೆ. ದೊಡ್ಡ ಕಮಾನು, ತಣ್ಣಗಿನ ಕಲ್ಲು. ಒಳಗೆ ಯಾರೋ ಹೂವು ಜೋಡಿಸುತ್ತಿದ್ದರು. ಯೂರೋಪಿನ ಅರ್ಧ ಜಗಳ ಇಲ್ಲಿ ಮುಗಿಯಿತು ಅಂತ ಅನ್ನಿಸಲೇ ಇಲ್ಲ.

ಆಂಪ್ಟ್‌ಹಿಲ್ ಬೇರೆ ಥರ. ಕೋಟೆಯ ಒಂದು ಕಲ್ಲೂ ಕಾಣುವುದಿಲ್ಲ. ಹುಲ್ಲಿನ ದಿಬ್ಬ, ನಾಯಿ ಓಡಾಡಿಸುವವರು, ಕೆಳಗೆ ಇಡೀ ಬೆಡ್‌ಫರ್ಡ್ ಬಯಲು. 1773ರಲ್ಲಿ ಯಾರೋ ಜಮೀನುದಾರರು ರಾಣಿಯ ನೆನಪಿಗೆ ಒಂದು ಕಲ್ಲಿನ ಶಿಲುಬೆ ನಿಲ್ಲಿಸಿದ್ದಾರೆ. ಅದರ ಬುಡದಲ್ಲಿ ಕೂತು ಮಗಳಿಗೆ ಜುಲೈ 3ರ ಕಥೆ ಹೇಳಿದೆ.

ಅವತ್ತು ರಾಜನ ಕಡೆಯವರು ಬಂದಾಗ ಕ್ಯಾಥರೀನ್ ಮಲಗಿದ್ದಳು. ಕಾಲಿಗೆ ಗುಂಡುಸೂಜಿ ಚುಚ್ಚಿತ್ತು, ಕೆಮ್ಮು ಬೇರೆ. ಇನ್ನು ಮುಂದೆ ತಮ್ಮನ್ನು ರಾಣಿ ಅನ್ನುವ ಹಾಗಿಲ್ಲ, ಆರ್ಥರ್‌ನ ವಿಧವೆ, ವಿಧವಾ ರಾಜಕುಮಾರಿ ಅನ್ನಬೇಕು ಅಂತ ಅವರು ಹೇಳಿದರು. ನಾನು ರಾಣಿ, ರಾಜನ ಹೆಂಡತಿ ಅಂದಳು. ಅವರು ನಡೆದದ್ದನ್ನೆಲ್ಲ ವರದಿ ಬರೆದರು. ಅದನ್ನು ತೋರಿಸಿ ಅಂದಳು. ಪೆನ್ನು ತರಿಸಿ, 'ವಿಧವಾ ರಾಜಕುಮಾರಿ' ಅಂತ ಇದ್ದ ಕಡೆಯೆಲ್ಲ ಗೀಟು ಎಳೆದಳು. ಆ ಹಾಳೆ, ಆ ಗೀಟು ಈಗಲೂ ಉಳಿದಿವೆ.

"ಟೀಚರ್ ಥರ," ಅಂದಳು ಮಗಳು.

ಅಲ್ಲಿಂದ ರಾಣಿಯನ್ನು ಬಕ್‌ಡನ್‌ಗೆ, ಆಮೇಲೆ ಕಿಂಬೋಲ್ಟನ್‌ಗೆ ಸಾಗಿಸಿದರು. ಬಕ್‌ಡನ್‌ನಿಂದ ಎಬ್ಬಿಸಲು ಬಂದಾಗ ರೂಮಿನ ಬಾಗಿಲು ಹಾಕಿಕೊಂಡು ಕೂತಳು, ಬಂದವರು ಬಂದ ದಾರಿಗೆ ಸುಂಕವಿಲ್ಲದೆ ಹೋದರು. 1534ರ ಮಾರ್ಚ್ 23ರಂದು ರೋಮ್ ಕೊನೆಗೂ ತೀರ್ಪು ಕೊಟ್ಟಿತು. ಮದುವೆ ಸರಿ, ಕ್ಯಾಥರೀನೇ ಹೆಂಡತಿ. ಏಳು ವರ್ಷ ತಡ. ಅದೇ ವರ್ಷ ಕೊನೆಗೆ ಇಂಗ್ಲೆಂಡಿನ ಚರ್ಚಿಗೆ ಹೆನ್ರಿಯೇ ಯಜಮಾನ ಅಂತ ಕಾನೂನಾಯಿತು. ಕ್ಯಾಥರೀನ್ ತೀರಿಕೊಂಡದ್ದು 1536ರ ಜನವರಿ 7. ಅದೇ ಮೇ ತಿಂಗಳಲ್ಲಿ ಆನ್‌ಳ ತಲೆ ಹೋಯಿತು. ತಲೆ ತೆಗೆಯುವ ಎರಡು ದಿನ ಮುಂಚೆ, ಆ ಮದುವೆಯೂ ಆಗಿರಲೇ ಇಲ್ಲ ಅಂತ ಅದೇ ಕ್ರ್ಯಾನ್ಮರ್ ಬರೆದುಕೊಟ್ಟ.

ನಮ್ಮ ಅಂತಿಮ ಆದೇಶ 2024ರ ಜನವರಿ ಮಧ್ಯದಲ್ಲಿ ಇಮೇಲ್‌ನಲ್ಲಿ ಬಂತು. ಆಫೀಸಿನಲ್ಲಿದ್ದೆ. ತೆರೆದೆ. ಇಂಥ ದಿನ, ಇಂಥ ಊರಿನಲ್ಲಿ ನಡೆದ ಮದುವೆ ಇವತ್ತಿಗೆ ಮುಗಿಯಿತು ಅಂತಿತ್ತು. ಮದುವೆಯ ತಾರೀಖು ಕಂಡು ಸಮಾಧಾನವಾಯಿತು. ಎರಡು ಪ್ರತಿ ಪ್ರಿಂಟ್ ತೆಗೆದು, ಸ್ಕ್ಯಾನ್ ಮಾಡಿ ಮೈಸೂರಿಗೆ ಕಳಿಸಿದೆ. ಮೂರು ಗಂಟೆಗೆ ಮೀಟಿಂಗ್ ಇತ್ತು.

ಕ್ಯಾಥರೀನಳನ್ನು ಮಣ್ಣು ಮಾಡಿದ್ದು ಜನವರಿ 29ರಂದು, ಪೀಟರ್‌ಬರೋದಲ್ಲಿ. ಪ್ರತಿ ವರ್ಷ ಆ ಹೊತ್ತಿಗೆ ಅಲ್ಲಿ ಅವಳ ನೆನಪಿನ ಪ್ರಾರ್ಥನೆ ಆಗುತ್ತದೆ. ನಾವು ಆ ವಾರದ ಶನಿವಾರ ಹೋದೆವು. ಹೆನ್ರಿ ಅವಳನ್ನು ವಿಧವಾ ರಾಜಕುಮಾರಿ ಅಂತಲೇ ಹೂಳಿಸಿದ್ದ, ಮೇರಿಯನ್ನು ಬರಗೊಡಲಿಲ್ಲ. ಈಗ ಸಮಾಧಿಯ ಮೇಲ್ಗಡೆ ಬಂಗಾರದ ದೊಡ್ಡ ಅಕ್ಷರಗಳಲ್ಲಿ 'ಕ್ಯಾಥರೀನ್, ಇಂಗ್ಲೆಂಡಿನ ರಾಣಿ' ಅಂತಿದೆ. ಕಲ್ಲಿನ ಮೇಲೆ ಹೂವು, ದಾಳಿಂಬೆ. ದಾಳಿಂಬೆ ಅವಳ ಲಾಂಛನ. ನಾವೂ ಒಂದು ತಂದಿದ್ದೆವು, ನಮ್ಮ ಬೀದಿಯ ಇಂಡಿಯನ್ ಅಂಗಡಿಯದ್ದು. ಮಗಳು ಅದನ್ನು ಇಟ್ಟು, ಉರುಳದ ಹಾಗೆ ಎರಡು ಸಲ ಸರಿಮಾಡಿದಳು.

"ಇದನ್ನೆಲ್ಲ ಆಮೇಲೆ ಯಾರು ತಿಂತಾರೆ?"

ನನಗೂ ಗೊತ್ತಿರಲಿಲ್ಲ. ಫೋನ್ ಟಿಂಗ್ ಅಂತು. ಮಗಳ ಅಪ್ಪನ ಮೆಸೇಜ್. ಸಂಜೆ ಆರಕ್ಕೆ ಬಂದು ಪುಟ್ಟಿನ ಕರ್ಕೊಂಡು ಹೋಗಲಾ? ಮತ್ತೆ ಆ ಸಣ್ಣ ಕುಕ್ಕರಿಗೆ ಗ್ಯಾಸ್ಕೆಟ್ ಎಲ್ಲಿ ಸಿಗುತ್ತೆ?